ರಿಯಾಕ್ಟ್ ಚೌಕಟ್ಟಿನ ಅವಸ್ಥಾಸಂಜ್ಞೆಗಳ ಇತಿಹಾಸ

ವೆಬ್ ಪುಟಗಳ ರಚನೆಗೆ ಇಂದು ಲೋಕದಲ್ಲಿ ಬಹುವಾಗಿ ಬಳಸಲ್ಪಡುತ್ತಿರುವ ಚೌಕಟ್ಟುಗಳಲ್ಲಿ ರಿಯಾಕ್ಟ್ ಎಂಬುದು ಮುಖ್ಯವಾದುದು. ಇದರ ೧೬.೩ನೆಯ ಆವೃತ್ತಿಯು ಕ್ರಿ. ಶ. ೨೦೧೮ನೆಯ ಮಾರ್ಚಿ ೨೯ರಂದು ಪ್ರಕಟವಾದಾಗ, ಅದಕ್ಕೆ ಹಿಂದೆ ಸುಮಾರು ಐದು ವರ್ಷಗಳಿಂದ ರೂಢಿಯಲ್ಲಿದ್ದ ಮೂರು ಸಂಜ್ಞೆಗಳಿಗೆ ‘ಅನ್‌ಸೇಫ್’, ಎಂದರೆ ‘ಕ್ಷೇಮವಲ್ಲದ್ದು’, ಎಂಬ ಪೂರ್ವಪದವು ಸೇರಿತು. ಒಂದು ಶಾಸ್ತ್ರವನ್ನು ಕಟ್ಟಿದವರೇ ತಾವು ಇಟ್ಟ ಹೆಸರುಗಳ ತಲೆಯ ಮೇಲೆ ಇಂಥ ಮುದ್ರೆಯನ್ನು ಒತ್ತುವುದು ಅಪರೂಪ. ಹಳೆಯ ಹೆಸರು ತಪ್ಪೆಂದು ತೋರಿದರೆ ಅದನ್ನು ಬಿಟ್ಟು ಬೇರೊಂದನ್ನು ತರುವುದು ವಾಡಿಕೆ. ಅದನ್ನೇ ಉಳಿಸಿಕೊಂಡು ಅದರ ದೋಷವನ್ನು ಅದರ ಮೈಮೇಲೆಯೇ ಬರೆಯುವುದು ವಾಡಿಕೆಯಲ್ಲ. ಹೀಗಿರಲು ಮೂರು ಪ್ರಶ್ನೆಗಳು ಏಳುತ್ತವೆ. ಆ ಸಂಜ್ಞೆಗಳು ಹೇಗೆ ಹುಟ್ಟಿದವು? ಅವುಗಳಲ್ಲಿದ್ದ ದೋಷವು ಯಾವುದು? ಅದಕ್ಕೆ ಕಂಡುಕೊಂಡ ಪರಿಹಾರವು ಎಷ್ಟರಮಟ್ಟಿಗೆ ಪರಿಹಾರವಾಯಿತು? ಈ ಮೂರನ್ನೂ ಕ್ರಮವಾಗಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಪರಿಭಾಷೆ

ವೆಬ್ ಪುಟವು ಕಣ್ಣಿಗೆ ಒಂದಾಗಿ ಕಂಡರೂ ವಸ್ತುತಃ ಅನೇಕ ಘಟಕಗಳಿಂದ ಕೂಡಿದ್ದು. ಹುಡುಕುವ ಪೆಟ್ಟಿಗೆ ಒಂದು ಘಟಕ, ಸಂದೇಶಗಳ ಪಟ್ಟಿ ಒಂದು ಘಟಕ, ಆ ಪಟ್ಟಿಯೊಳಗಿನ ಒಂದೊಂದು ಸಂದೇಶವೂ ಒಂದೊಂದು ಘಟಕ. ಪ್ರತಿಯೊಂದು ಘಟಕಕ್ಕೂ ತನ್ನದೇ ಆದ ಸ್ಥಿತಿಯುಂಟು. ಮೇಲಿನ ಘಟಕದಿಂದ ಬಂದು ಸೇರುವ ದತ್ತವೂ ಉಂಟು. ಇದಕ್ಕೆ ರಿಯಾಕ್ಟ್ ಪರಿಭಾಷೆಯಲ್ಲಿ ‘ಪ್ರಾಪ್ಸ್’ ಎಂದು ಹೆಸರು. ಘಟಕದ ರೂಪವನ್ನು ಬ್ರೌಸರಿನ ದಾಖಲೆವೃಕ್ಷದಲ್ಲಿ, ಎಂದರೆ ‘ಡಾಮ್’ ಎಂಬುದರಲ್ಲಿ, ಮೊದಲ ಬಾರಿಗೆ ನೆಲೆಗೊಳಿಸುವುದು ‘ಮೌಂಟ್’. ಸ್ಥಿತಿಯಾಗಲಿ ದತ್ತವಾಗಲಿ ಬದಲಾದಾಗ ರೂಪವನ್ನು ತಿದ್ದುವುದು ‘ಅಪ್‌ಡೇಟ್’. ವೃಕ್ಷದಿಂದ ಕಿತ್ತುಹಾಕುವುದು ‘ಅನ್‌ಮೌಂಟ್’. ಈ ಮೂರು ಸಂಧಿಕಾಲಗಳಲ್ಲಿ ಕ್ರಮಲೇಖಕನು ತನ್ನ ವಿಧಿಯನ್ನು ತೂಗುಹಾಕಲು ಚೌಕಟ್ಟು ಒದಗಿಸುವ ಕೊಕ್ಕೆಗೆ ‘ಹುಕ್’ ಎಂದು ಹೆಸರು. ಘಟಕದ ಬಾಳಿನ ಅವಸ್ಥೆಗಳನ್ನು ಹೇಳುವ ಕಾರಣ ಆ ಕೊಕ್ಕೆಗಳ ಹೆಸರುಗಳನ್ನು ಇಲ್ಲಿ ಅವಸ್ಥಾಸಂಜ್ಞೆಗಳೆಂದು ಕರೆಯಲಾಗಿದೆ.

ಯಾಸ್ಕನ ನಿರುಕ್ತದಲ್ಲಿ ವಾರ್ಷ್ಯಾಯಣಿಯ ಮತವೆಂದು ಆರು ಭಾವವಿಕಾರಗಳು ಹೇಳಲ್ಪಟ್ಟಿವೆ: ಜನನ, ಅಸ್ತಿತ್ವ, ವಿಪರಿಣಾಮ, ವೃದ್ಧಿ, ಅಪಕ್ಷಯ, ವಿನಾಶ. ಇವುಗಳಲ್ಲಿ ಚೌಕಟ್ಟುಗಳು ಸಾಮಾನ್ಯವಾಗಿ ಎತ್ತಿಕೊಂಡಿರುವುದು ಮೂರನ್ನು ಮಾತ್ರ: ಜನನ, ವಿಪರಿಣಾಮ, ವಿನಾಶ. ಅಸ್ತಿತ್ವಕ್ಕೆ, ಎಂದರೆ ‘ಇರುವಿಕೆ’ಗೆ, ಕೊಕ್ಕೆಯಿಲ್ಲ. ಈ ಸಂಗತಿಯು ಮುಂದೆ ಉಪಯೋಗಕ್ಕೆ ಬರುವುದರಿಂದ ಇಲ್ಲಿಯೇ ಸೂಚಿಸಲ್ಪಟ್ಟಿದೆ.

ಇನ್ನೊಂದು ಮಾತು. ಮೀಮಾಂಸಕರು ಕರ್ಮಗಳಲ್ಲಿ ನಿತ್ಯ, ನೈಮಿತ್ತಿಕ ಎಂದು ಭೇದವನ್ನು ಹೇಳುವರಷ್ಟೆ. ಕೊಕ್ಕೆಗೆ ತೂಗುಹಾಕಿದ ವಿಧಿಯು ಸರ್ವಥಾ ನೈಮಿತ್ತಿಕ. ಗ್ರಹಣಸ್ನಾನವನ್ನು ಮಾಡುವವನು ಗ್ರಹಣವನ್ನು ಉಂಟುಮಾಡುವುದಿಲ್ಲ; ನಿಮಿತ್ತವು ಒದಗಿದಾಗ ಕರ್ಮವು ಪ್ರಾಪ್ತವಾಗುತ್ತದೆ. ಹಾಗೆಯೇ ಕ್ರಮಲೇಖಕನು ವಿಧಿಯನ್ನು ಬರೆದಿಡುವನೇ ಹೊರತು ಅದನ್ನು ಕರೆಯುವುದಿಲ್ಲ. ಸಮಯವನ್ನು ನೋಡಿ ಕರೆಯುವುದು ಚೌಕಟ್ಟು. ಆದುದರಿಂದ ಇವರಿಬ್ಬರ ನಡುವಣ ಒಪ್ಪಂದವೆಲ್ಲವೂ ಸಂಜ್ಞೆಯ ಅರ್ಥವನ್ನೇ ಅವಲಂಬಿಸಿರುತ್ತದೆ. ಸಂಜ್ಞೆಯು ಹೇಳಿದ ನಿಮಿತ್ತವು ನಿಜವಾಗಿ ಒದಗದೆ ಹೋದರೆ ವಿಧಿಯು ಕೆಡುತ್ತದೆ.

೨. ಪೂರ್ವೇತಿಹಾಸ

ಅವಸ್ಥಾಸಂಜ್ಞೆಗಳು ರಿಯಾಕ್ಟಿನಿಂದಲೇ ಹುಟ್ಟಿದುವಲ್ಲ. ಸನ್ ಸಂಸ್ಥೆಯವರು ಕ್ರಿ. ಶ. ೧೯೯೫ರಲ್ಲಿ ಪ್ರಚುರಪಡಿಸಿದ ಜಾವಾ ಭಾಷೆಯಲ್ಲಿ, ಪುಟದೊಳಗೆ ಓಡತಕ್ಕ ‘ಆಪ್ಲೆಟ್’ ಎಂಬ ಸಣ್ಣ ಯಂತ್ರಕ್ಕೆ ‘ಇನಿಟ್’, ‘ಸ್ಟಾರ್ಟ್’, ‘ಸ್ಟಾಪ್’, ‘ಡಿಸ್ಟ್ರಾಯ್’ ಎಂಬ ನಾಲ್ಕು ಸಂಜ್ಞೆಗಳಿದ್ದವು. ಇವುಗಳಲ್ಲಿ ಗಮನಿಸತಕ್ಕದ್ದೇನೆಂದರೆ, ಹುಟ್ಟು ಮತ್ತು ಆರಂಭ ಬೇರೆ ಬೇರೆ. ನಿಲುಗಡೆ ಮತ್ತು ನಾಶ ಬೇರೆ ಬೇರೆ. ಓದುಗನು ಪುಟವನ್ನು ಬಿಟ್ಟು ಹೋಗಿ ಮತ್ತೆ ಬಂದರೆ ಆಪ್ಲೆಟ್ಟು ಸಾಯದೆ ನಿಂತು, ಪುನಃ ಆರಂಭವಾಗಬಹುದಾಗಿತ್ತು. ಈ ಸೂಕ್ಷ್ಮಭೇದವನ್ನು ಮುಂದಿನವರು ಬಹುಕಾಲ ಮರೆತರು.

ಬ್ರೌಸರುಗಳು ತಾವಾಗಿ ಒದಗಿಸಿದ ‘ಆನ್‌ಲೋಡ್’, ‘ಆನ್‌ಅನ್‌ಲೋಡ್’ ಎಂಬವು ಇಡೀ ಪುಟಕ್ಕೆ ಅನ್ವಯಿಸತಕ್ಕವು. ಒಂದೊಂದು ಅಂಗಕ್ಕೆ ಅಲ್ಲ. ಕ್ರಿ. ಶ. ೨೦೦೬ರಲ್ಲಿ ಜಾನ್ ರೆಸಿಗ್ ಎಂಬುವರು ಹೊರತಂದ ಜೆಕ್ವೆರಿಯ ‘ರೆಡಿ’ ಎಂಬುದೂ ಪುಟದ ಜನನವನ್ನೇ ಹೇಳುತ್ತದೆ. ಅಂಗಗಳಿಗೆ ಬೇರೆ ಬೇರೆ ಬಾಳನ್ನು ಕಲ್ಪಿಸುವ ಅವಶ್ಯಕತೆ ಬಂದುದು, ಒಂದೇ ಪುಟವು ಗಂಟೆಗಟ್ಟಲೆ ತೆರೆದಿದ್ದು ಅದರ ಒಳಗಿನ ಭಾಗಗಳು ಮಾತ್ರ ಬದಲಾಗುತ್ತಿರುವ ಪದ್ಧತಿ ಬಂದ ಮೇಲೆ.

ಜೆರೆಮಿ ಆಷ್ಕೆನಾಸ್ ಎಂಬುವರು ಕ್ರಿ. ಶ. ೨೦೧೦ನೆಯ ಅಕ್ಟೋಬರಿನಲ್ಲಿ ಪ್ರಕಟಿಸಿದ ಬ್ಯಾಕ್‌ಬೋನ್ ಎಂಬ ಗ್ರಂಥಾಲಯವು ಈ ಸಂಧಿಕಾಲದ್ದು. ಅದರಲ್ಲಿ ಜನನಕ್ಕೆ ‘ಇನಿಶಿಯಲೈಸ್’ ಎಂಬ ಸಂಜ್ಞೆಯಿತ್ತು. ತೆಗೆದುಹಾಕಲು ‘ರಿಮೂವ್’ ಎಂಬುದೂ ಇತ್ತು. ಆದರೆ ಆರಂಭದಲ್ಲಿ ಈ ‘ರಿಮೂವ್’ ಕಣ್ಣಿಗೆ ಕಾಣುವ ರೂಪವನ್ನು ಮಾತ್ರ ತೆಗೆಯುತ್ತಿತ್ತು. ಆ ಅಂಗವು ದತ್ತಾಂಶದ ಮೇಲೆ ಇಟ್ಟಿದ್ದ ಕಿವಿಗಳನ್ನು ಕೀಳುತ್ತಿರಲಿಲ್ಲ. ಇದರಿಂದ ಪುಟದಿಂದ ಮರೆಯಾದ ಅಂಗವು ಸ್ಮೃತಿಯಲ್ಲಿ ಉಳಿದು, ದತ್ತಾಂಶವು ಬದಲಾದಾಗಲೆಲ್ಲ ಓಗೊಡುತ್ತಿತ್ತು. ಇಂಥವನ್ನು ಆ ಕಾಲದ ಕ್ರಮಲೇಖಕರು ‘ಜಾಂಬಿ’ಗಳೆಂದು ಕರೆದರು, ಕನ್ನಡದಲ್ಲಿ ಪ್ರೇತಗಳೆನ್ನಬಹುದು. ಅಂತ್ಯಕರ್ಮವಾಗದೆ ಅಲೆಯುವುದಷ್ಟೆ ಪ್ರೇತದ ಲಕ್ಷಣ. ಕ್ರಿ. ಶ. ೨೦೧೨ನೆಯ ಡಿಸೆಂಬರಿನಲ್ಲಿ ಬಂದ ೦.೯.೯ನೆಯ ಆವೃತ್ತಿಯಲ್ಲಿ ‘ಲಿಸನ್‌ಟು’ ಎಂಬ ಹೊಸ ವಿಧಾನವು ಸೇರಿ, ಅಂಗವನ್ನು ತೆಗೆದಾಗ ಅದರ ಕಿವಿಗಳೂ ಹೋಗುವಂತಾಯಿತು. ಜನನಕ್ಕೆ ಸಂಜ್ಞೆಯಿದ್ದರೆ ಸಾಲದು, ವಿನಾಶಕ್ಕೂ ಅಷ್ಟೇ ಗಟ್ಟಿಯಾದ ಸಂಜ್ಞೆ ಬೇಕೆಂಬುದು ಈ ಅನುಭವದಿಂದ ಸ್ಥಿರವಾಯಿತು. ಅದೇ ಕಾಲದ ಎಂಬರ್ ಚೌಕಟ್ಟಿನಲ್ಲಿ ‘ಡಿಡ್‌ಇನ್‌ಸರ್ಟ್‌ಎಲಿಮೆಂಟ್’, ‘ವಿಲ್‌ಡಿಸ್ಟ್ರಾಯ್‌ಎಲಿಮೆಂಟ್’ ಎಂಬ ಜೋಡಿಯೂ, ಗೂಗಲ್ ಸಂಸ್ಥೆಯ ಆಂಗ್ಯುಲರ್‌ಜೆಎಸ್‌ನಲ್ಲಿ ‘ಡಿಸ್ಟ್ರಾಯ್’ ಎಂಬ ಘೋಷಣೆಯೂ ಇದ್ದುದು ಈ ಮಾತಿಗೆ ಪೋಷಕವಾಗಿದೆ.

೩. ರಿಯಾಕ್ಟಿನ ಏಳು ಸಂಜ್ಞೆಗಳು

ರಿಯಾಕ್ಟನ್ನು ರಚಿಸಿದವರು ಫೇಸ್‌ಬುಕ್ ಸಂಸ್ಥೆಯಲ್ಲಿದ್ದ ಜೋರ್ಡನ್ ವಾಕ್ ಎಂಬುವರು. ಅದು ಕ್ರಿ. ಶ. ೨೦೧೧ರಲ್ಲಿ ಆ ಸಂಸ್ಥೆಯ ಸುದ್ದಿವಾಹಿನಿಯಲ್ಲಿಯೂ ೨೦೧೨ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿಯೂ ಪ್ರಯೋಗಕ್ಕೆ ಬಂದು, ೨೦೧೩ನೆಯ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ನಡೆದ ಜೆಎಸ್‌ಕಾನ್ಫ್ ಸಮ್ಮೇಳನದಲ್ಲಿ ಸರ್ವರಿಗೂ ಮುಕ್ತವಾಯಿತು. ಆಗ ಅದರಲ್ಲಿದ್ದ ಅವಸ್ಥಾಸಂಜ್ಞೆಗಳು ಏಳು. ಜನನಕಾಲದವು ಎರಡು: ‘ಕಾಂಪೊನೆಂಟ್‌ವಿಲ್‌ಮೌಂಟ್’, ಎಂದರೆ ಘಟಕವು ನೆಲೆಗೊಳ್ಳಲಿದೆ, ‘ಕಾಂಪೊನೆಂಟ್‌ಡಿಡ್‌ಮೌಂಟ್’, ಎಂದರೆ ನೆಲೆಗೊಂಡಿತು. ವಿಪರಿಣಾಮಕಾಲದವು ನಾಲ್ಕು: ‘ಕಾಂಪೊನೆಂಟ್‌ವಿಲ್‌ರಿಸೀವ್‌ಪ್ರಾಪ್ಸ್’, ದತ್ತವನ್ನು ಪಡೆಯಲಿದೆ, ‘ಶುಡ್‌ಕಾಂಪೊನೆಂಟ್‌ಅಪ್‌ಡೇಟ್’, ತಿದ್ದಬೇಕೆ, ‘ಕಾಂಪೊನೆಂಟ್‌ವಿಲ್‌ಅಪ್‌ಡೇಟ್’, ತಿದ್ದಲ್ಪಡಲಿದೆ, ‘ಕಾಂಪೊನೆಂಟ್‌ಡಿಡ್‌ಅಪ್‌ಡೇಟ್’, ತಿದ್ದಲ್ಪಟ್ಟಿತು. ವಿನಾಶಕಾಲದ್ದು ಒಂದೇ: ‘ಕಾಂಪೊನೆಂಟ್‌ವಿಲ್‌ಅನ್‌ಮೌಂಟ್’, ನಿರ್ಗಮಿಸಲಿದೆ. ನಿರ್ಗಮಿಸಿದ ಮೇಲೆ ಕರೆಯಲು ಘಟಕವೇ ಇರದ ಕಾರಣ ‘ನಿರ್ಗಮಿಸಿತು’ ಎಂಬ ಸಂಜ್ಞೆಯನ್ನು ಇಡಲಿಲ್ಲ.

ಈ ಏಳರಲ್ಲಿ ಭವಿಷ್ಯದರ್ಥವನ್ನು ಹೇಳುವವು ನಾಲ್ಕು, ಭೂತಾರ್ಥವನ್ನು ಹೇಳುವವು ಎರಡು, ಪ್ರಶ್ನಾರ್ಥಕವು ಒಂದು. ‘ವಿಲ್’, ‘ಡಿಡ್’ ಎಂಬ ಇಂಥ ಜೋಡಿಗಳು ಆಪಲ್ ಸಂಸ್ಥೆಯ ಕೊಕೊ ಗ್ರಂಥಾಲಯಗಳಲ್ಲಿಯೂ ಮೊದಲೇ ಬಳಕೆಯಲ್ಲಿದ್ದವು. ಹೆಸರುಗಳು ದೀರ್ಘವಾದರೂ ಸ್ಪಷ್ಟವಾದವು. ಓದಿದೊಡನೆ ಅರ್ಥವು ಹೊಳೆಯುವಂಥವು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇವು ‘ಟಿ’, ‘ಘು’, ‘ಭ’ ಮೊದಲಾದವುಗಳಂತೆ ಕೃತ್ರಿಮ ಸಂಜ್ಞೆಗಳಲ್ಲ, ಸರ್ವನಾಮವೆಂಬುದರಂತೆ ಅನ್ವರ್ಥಸಂಜ್ಞೆಗಳು. ಕೃತ್ರಿಮ ಸಂಜ್ಞೆಯು ಯಾವ ಭರವಸೆಯನ್ನೂ ಕೊಡುವುದಿಲ್ಲ. ಆದುದರಿಂದ ಅದು ಸುಳ್ಳಾಗಲಾರದು. ಅನ್ವರ್ಥಸಂಜ್ಞೆಯಾದರೋ ಹೆಸರಿನಿಂದಲೇ ಮಾತು ಕೊಡುತ್ತದೆ. ಆ ಮಾತು ನಡೆಯದಿದ್ದರೆ ಹೆಸರೇ ಅಪರಾಧಿಯಾಗುತ್ತದೆ. ರಿಯಾಕ್ಟಿನಲ್ಲಿ ನಡೆದುದು ಇದೇ.

೪. ದೋಷದ ಪೂರ್ವಲಕ್ಷಣಗಳು

ದೋಷವು ಕ್ರಿ. ಶ. ೨೦೧೮ರಲ್ಲಿ ಒಮ್ಮೆಗೇ ತೋರಿತೆಂದು ತಿಳಿಯಬಾರದು. ಅದರ ಲಕ್ಷಣಗಳು ಮೊದಲಿನಿಂದಲೂ ಇದ್ದವು. ಅವುಗಳಲ್ಲಿ ಮೂರನ್ನು ಇಲ್ಲಿ ಎತ್ತಿ ತೋರಿಸಬಹುದು.

ಮೊದಲನೆಯದು ಸರ್ವರಿನ ವಿಷಯ. ಪುಟವನ್ನು ಬ್ರೌಸರಿಗೆ ಕಳುಹಿಸುವುದಕ್ಕೆ ಮುಂಚೆ ಸರ್ವರಿನಲ್ಲಿಯೇ ಅಕ್ಷರರೂಪವಾಗಿ ರಚಿಸುವ ಕ್ರಮವು ರಿಯಾಕ್ಟಿನಲ್ಲಿ ಉಂಟು. ಅಲ್ಲಿ ದಾಖಲೆವೃಕ್ಷವೇ ಇಲ್ಲ. ಘಟಕವು ನೆಲೆಗೊಳ್ಳುವುದೂ ಇಲ್ಲ. ಹೀಗಿದ್ದರೂ ‘ವಿಲ್‌ಮೌಂಟ್’ ಅಲ್ಲಿ ಕರೆಯಲ್ಪಡುತ್ತಿತ್ತು. ‘ಡಿಡ್‌ಮೌಂಟ್’ ಆಗಲಿ ‘ವಿಲ್‌ಅನ್‌ಮೌಂಟ್’ ಆಗಲಿ ಕರೆಯಲ್ಪಡುತ್ತಿರಲಿಲ್ಲ. ‘ವಿಲ್‌ಮೌಂಟ್’ನಲ್ಲಿ ಯಾವುದಾದರೊಂದು ವಾಹಿನಿಗೆ ಕಿವಿಯನ್ನಿಟ್ಟು, ‘ವಿಲ್‌ಅನ್‌ಮೌಂಟ್’ನಲ್ಲಿ ಅದನ್ನು ಕೀಳುವೆನೆಂದು ನಂಬಿದ್ದ ಕ್ರಮಲೇಖಕನ ಸರ್ವರಿನಲ್ಲಿ, ಬಂದ ಕೋರಿಕೆಯೊಂದಕ್ಕೆ ಒಂದು ಕಿವಿಯಂತೆ ಉಳಿದು ಸ್ಮೃತಿಯು ತುಂಬುತ್ತ ಹೋಗುತ್ತಿತ್ತು. ‘ನೆಲೆಗೊಳ್ಳಲಿದೆ’ ಎಂಬ ಮಾತು ಇಲ್ಲಿ ಮೊದಲಿನಿಂದಲೇ ಅಸತ್ಯವಾಗಿತ್ತು.

ಎರಡನೆಯದು ‘ವಿಲ್‌ರಿಸೀವ್‌ಪ್ರಾಪ್ಸ್’ನ ವಿಷಯ. ‘ದತ್ತವನ್ನು ಪಡೆಯಲಿದೆ’ ಎಂಬ ಹೆಸರಿನಿಂದ ಹೊಸ ದತ್ತವು ಬಂದಾಗಲೇ ಇದು ಕರೆಯಲ್ಪಡುವುದೆಂದು ಯಾರಾದರೂ ಭಾವಿಸುವರು. ವಸ್ತುತಃ ಮೇಲಿನ ಘಟಕವು ಮತ್ತೆ ರಚಿತವಾದಾಗಲೆಲ್ಲ, ದತ್ತವು ಸ್ವಲ್ಪವೂ ಬದಲಾಗದಿದ್ದರೂ, ಇದು ಕರೆಯಲ್ಪಡುತ್ತಿತ್ತು. ಮೊಟ್ಟಮೊದಲ ದತ್ತವು ಬಂದಾಗ ಕರೆಯಲ್ಪಡುತ್ತಿರಲಿಲ್ಲ. ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ಎರಡು ಲಕ್ಷಣದೋಷಗಳೂ ಒಂದೇ ಹೆಸರಿನಲ್ಲಿ ಕೂಡಿದ್ದವು. ಹೊಸ ದತ್ತವೂ ಹಳೆಯ ದತ್ತವೂ ಬೇರೆಯೇ ಎಂದು ಹೋಲಿಸಿ ನೋಡದೆ ಸ್ಥಿತಿಯನ್ನು ಬದಲಿಸಿದವರ ಪುಟಗಳಲ್ಲಿ ಓದುಗನು ಬರೆಯುತ್ತಿದ್ದ ಅಕ್ಷರಗಳು ಅಳಿಸಿಹೋಗುವುದು ಮೊದಲಾದ ಕ್ಲೇಶಗಳು ಉಂಟಾದುದು ಇದರ ಫಲ.

ಮೂರನೆಯದು ‘ಈಸ್‌ಮೌಂಟೆಡ್’ ಎಂಬ ಪ್ರಶ್ನೆಯ ವಿಷಯ. ದೂರದಿಂದ ದತ್ತಾಂಶವನ್ನು ತರಿಸಲು ಹೇಳಿ, ಅದು ಬರುವುದರೊಳಗೆ ಘಟಕವು ಹೊರಟುಹೋದರೆ, ಬಂದ ಉತ್ತರವು ಇಲ್ಲದವನ ಮನೆಯ ಬಾಗಿಲನ್ನು ತಟ್ಟುತ್ತದೆ. ಇದನ್ನು ತಪ್ಪಿಸಲು ಕ್ರಮಲೇಖಕರು ‘ಈಗಲೂ ನೆಲೆಗೊಂಡಿರುವೆಯಾ’ ಎಂದು ಘಟಕವನ್ನು ಕೇಳುತ್ತಿದ್ದರು. ಕ್ರಿ. ಶ. ೨೦೧೫ನೆಯ ಡಿಸೆಂಬರಿನಲ್ಲಿ ರಿಯಾಕ್ಟಿನವರು ಈ ಪದ್ಧತಿಯನ್ನು ತಪ್ಪೆಂದು ಹೇಳಿದರು. ಹೊರಟವನು ತನ್ನ ಕಿವಿಗಳನ್ನು ಕಿತ್ತುಕೊಂಡೇ ಹೋಗಬೇಕಲ್ಲದೆ, ಕೂಗಿದಾಗ ಇದ್ದಾನೆಯೇ ಎಂದು ನೋಡುವುದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಔಷಧ ಕೊಟ್ಟಂತೆ ಎಂಬುದು ಅವರ ಅಭಿಪ್ರಾಯದ ಸಾರ.

ಇದೇ ಕಾಲದಲ್ಲಿ ಇನ್ನೊಂದು ಪರಿವರ್ತನೆಯೂ ನಡೆಯಿತು. ಮೊದಮೊದಲು ಅನೇಕ ಘಟಕಗಳಿಗೆ ಸಮಾನವಾದ ವಿಧಿಯನ್ನು ‘ಮಿಕ್ಸಿನ್’ ಎಂಬ ಕಟ್ಟಾಗಿ ಮಾಡಿ ಸೇರಿಸಬಹುದಾಗಿತ್ತು. ಎರಡು ಕಟ್ಟುಗಳಲ್ಲಿ ಒಂದೇ ಅವಸ್ಥಾಸಂಜ್ಞೆಯಿದ್ದರೆ ಎರಡೂ ಕರೆಯಲ್ಪಡುತ್ತಿದ್ದವು. ಕ್ರಿ. ಶ. ೨೦೧೫ನೆಯ ಮಾರ್ಚಿಯಲ್ಲಿ ಬಂದ ೦.೧೩ನೆಯ ಆವೃತ್ತಿಯಿಂದ ಘಟಕಗಳನ್ನು ಜಾವಾಸ್ಕ್ರಿಪ್ಟ್ ಭಾಷೆಯ ‘ಕ್ಲಾಸ್’ಗಳಾಗಿ ಬರೆಯುವುದು ಸಾಧ್ಯವಾಯಿತು, ಅವುಗಳಿಗೆ ಮಿಕ್ಸಿನ್ ಇಲ್ಲ. ೨೦೧೬ನೆಯ ಜುಲೈಯಲ್ಲಿ ಡ್ಯಾನ್ ಅಬ್ರಮೋವ್ ಎಂಬುವರು ಮಿಕ್ಸಿನ್‌ಗಳಿಂದಾಗುವ ಹಾನಿಯನ್ನು ವಿಸ್ತಾರವಾಗಿ ಬರೆದರು. ಹೀಗೆ ಸಮಾನವಿಧಿಯನ್ನು ಹಂಚಿಕೊಳ್ಳುವ ಹಳೆಯ ದಾರಿ ಮುಚ್ಚಿತು. ಅದಕ್ಕೆ ಸಮನಾದ ಹೊಸ ದಾರಿ ಕೂಡಲೆ ತೆರೆಯಲಿಲ್ಲ. ಈ ಕೊರತೆಯು ಮುಂದಿನ ಪರಿಷ್ಕಾರಕ್ಕೆ ಒಂದು ಕಾರಣವಾಯಿತು.

೫. ಫೈಬರ್ ಮತ್ತು ಸಂಜ್ಞಾಭಂಗ

ಕ್ರಿ. ಶ. ೨೦೧೭ನೆಯ ಸೆಪ್ಟೆಂಬರ್ ೨೬ರಂದು ಬಂದ ೧೬ನೆಯ ಆವೃತ್ತಿಯಲ್ಲಿ ರಿಯಾಕ್ಟಿನ ಒಳಯಂತ್ರವನ್ನು ‘ಫೈಬರ್’ ಎಂಬ ಹೆಸರಿನಲ್ಲಿ ಹೊಸದಾಗಿ ಕಟ್ಟಲಾಯಿತು. ಹಳೆಯ ಯಂತ್ರವು ರಚನೆಯನ್ನು ಆರಂಭಿಸಿದರೆ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ. ಅಷ್ಟು ಹೊತ್ತು ಓದುಗನು ಒತ್ತಿದ ಕೀಲಿಗೆ ಪುಟವು ಉತ್ತರ ಕೊಡಲಾರದು. ಹೊಸ ಯಂತ್ರದಲ್ಲಿ ಕೆಲಸವು ಎರಡು ಪಾದಗಳಾಗಿ ಒಡೆಯಿತು. ಮೊದಲನೆಯದು ರಚನಾಪಾದ: ಇಲ್ಲಿ ಹೊಸ ರೂಪವು ಹೇಗಿರಬೇಕೆಂದು ಲೆಕ್ಕಹಾಕಲಾಗುವುದು. ಎರಡನೆಯದು ನಿಶ್ಚಯಪಾದ: ಇಲ್ಲಿ ಲೆಕ್ಕದಂತೆ ದಾಖಲೆವೃಕ್ಷವನ್ನು ನಿಜವಾಗಿ ಬದಲಿಸಲಾಗುವುದು. ನಿಶ್ಚಯಪಾದವು ಒಂದೇ ಉಸಿರಿನಲ್ಲಿ ಮುಗಿಯತಕ್ಕದ್ದು. ರಚನಾಪಾದವಾದರೋ ನಡುವೆ ನಿಲ್ಲಬಹುದು, ಹೆಚ್ಚು ತುರ್ತಾದ ಕೆಲಸಕ್ಕೆ ಎಡೆಗೊಡಬಹುದು, ಮೊದಲಿನಿಂದ ಪುನಃ ಆರಂಭವಾಗಬಹುದು, ಅಥವಾ ಪೂರ್ತಿಯಾಗಿ ತ್ಯಜಿಸಲ್ಪಡಬಹುದು.

ಈಗ ‘ನೆಲೆಗೊಳ್ಳಲಿದೆ’ ಎಂಬ ಸಂಜ್ಞೆಯನ್ನು ಪರಿಶೀಲಿಸಿದರೆ ದೋಷವು ಸ್ಪಷ್ಟವಾಗುತ್ತದೆ. ಅದು ಕರೆಯಲ್ಪಡುವುದು ರಚನಾಪಾದದಲ್ಲಿ. ಆ ಪಾದವು ತ್ಯಜಿಸಲ್ಪಟ್ಟರೆ ಘಟಕವು ನೆಲೆಗೊಳ್ಳುವುದೇ ಇಲ್ಲ. ನೆಲೆಗೊಳ್ಳದ್ದಕ್ಕೆ ನಿರ್ಗಮನವೂ ಇಲ್ಲ. ಪುನಃ ಆರಂಭವಾದರೆ ಒಂದೇ ನೆಲೆಗೊಳ್ಳುವಿಕೆಗೆ ಎರಡು ಸಲ ‘ನೆಲೆಗೊಳ್ಳಲಿದೆ’ ಎಂಬ ಘೋಷಣೆ. ಗ್ರಹಣವಾಗುವುದೆಂದು ಸ್ನಾನ, ದಾನಗಳನ್ನು ಮಾಡಿದ ಮೇಲೆ ಗ್ರಹಣವೇ ಆಗಲಿಲ್ಲವೆಂದ ಹಾಗೆ. ‘ವಿಲ್‌ರಿಸೀವ್‌ಪ್ರಾಪ್ಸ್’, ‘ವಿಲ್‌ಅಪ್‌ಡೇಟ್’ ಎಂಬ ಇನ್ನೆರಡಕ್ಕೂ ಇದೇ ನ್ಯಾಯ.

ಕ್ರಿ. ಶ. ೨೦೧೮ನೆಯ ಮಾರ್ಚಿ ೨೭ರಂದು ಬ್ರಯನ್ ವಾನ್ ಎಂಬುವರು ರಿಯಾಕ್ಟಿನ ಪರವಾಗಿ ಪ್ರಕಟಿಸಿದ ಲೇಖನದಲ್ಲಿ ಈ ಮೂರು ಸಂಜ್ಞೆಗಳಿಗೆ ‘ಅನ್‌ಸೇಫ್’ ಎಂಬ ಪೂರ್ವಪದವನ್ನು ಸೇರಿಸುವ ಕ್ರಮವು ವಿವರಿಸಲ್ಪಟ್ಟಿತು. ‘ಕ್ಷೇಮವಲ್ಲದ್ದು’ ಎಂದರೆ ಕಳ್ಳತನಕ್ಕೆ ಎಡೆಗೊಡುವುದೆಂದು ಅರ್ಥವಲ್ಲ. ಮುಂದಿನ ಆವೃತ್ತಿಗಳಲ್ಲಿ ದೋಷಕ್ಕೆ ಎಡೆಗೊಡುವ ಸಂಭವವು ಹೆಚ್ಚೆಂದು ಅರ್ಥ ಎಂದೂ ಅಲ್ಲಿಯೇ ಹೇಳಿದೆ. ಹೆಸರುಗಳನ್ನು ಒಮ್ಮೆಗೇ ಏಕೆ ಕಿತ್ತುಹಾಕಲಿಲ್ಲವೆಂಬುದಕ್ಕೂ ಆ ಲೇಖನದಲ್ಲಿ ಉತ್ತರವಿದೆ: ಫೇಸ್‌ಬುಕ್ ಸಂಸ್ಥೆಯೊಂದರಲ್ಲಿಯೇ ಆಗ ೫೦,೦೦೦ಕ್ಕೂ ಹೆಚ್ಚು ರಿಯಾಕ್ಟ್ ಘಟಕಗಳಿದ್ದವು, ಅವುಗಳನ್ನೆಲ್ಲ ಕೂಡಲೆ ತಿದ್ದಿ ಬರೆಯುವ ಉದ್ದೇಶವು ಅವರಿಗೂ ಇರಲಿಲ್ಲ. ಹಳೆಯ ಹೆಸರನ್ನು ಹುಡುಕಿ ಪೂರ್ವಪದವನ್ನು ತಾನೇ ಸೇರಿಸುವ ಒಂದು ಉಪಕರಣವನ್ನೂ ಒದಗಿಸಲಾಯಿತು. ೧೭ನೆಯ ಆವೃತ್ತಿಯಿಂದ ಪೂರ್ವಪದವಿಲ್ಲದ ಹಳೆಯ ಹೆಸರುಗಳು ನಡೆಯವೆಂದು ಆಗ ಹೇಳಿದ್ದರೂ, ೨೦೨೦ನೆಯ ಅಕ್ಟೋಬರಿನಲ್ಲಿ ಆ ಆವೃತ್ತಿ ಬಂದಾಗ ಅವುಗಳನ್ನು ತೆಗೆಯಲಿಲ್ಲ. ರೂಢಿಯು ಶಾಸ್ತ್ರಕ್ಕಿಂತ ಬಲವಾದುದೆಂಬುದಕ್ಕೆ ಇದೊಂದು ನಿದರ್ಶನ.

೬. ಒಂದು ಪೂರ್ವಪಕ್ಷ

ಇಲ್ಲಿ ಕೆಲವರು ಹೀಗೆ ಹೇಳಬಹುದು: ದೋಷವು ಭವಿಷ್ಯದರ್ಥದಲ್ಲಿದೆ, ಭೂತಾರ್ಥದ ‘ಡಿಡ್’ ಎಂಬವೆರಡೂ ಉಳಿದವು, ಭವಿಷ್ಯದರ್ಥದ ‘ವಿಲ್’ ಎಂಬವು ಹೋದವು, ಆದುದರಿಂದ ಮುಂದಾಗುವುದನ್ನು ಹೇಳಹೊರಟ ಸಂಜ್ಞೆಗಳೆಲ್ಲ ಕೆಡತಕ್ಕವೇ ಎಂದು. ಈ ಮಾತು ಮೇಲುನೋಟಕ್ಕೆ ರಮ್ಯವಾಗಿದ್ದರೂ ನಿಲ್ಲುವಂಥದಲ್ಲ. ಏಕೆಂದರೆ ‘ವಿಲ್‌ಅನ್‌ಮೌಂಟ್’ ಎಂಬುದೂ ಭವಿಷ್ಯದರ್ಥದ್ದೇ, ಅದು ಹೋಗಲಿಲ್ಲ. ‘ಶುಡ್‌ಕಾಂಪೊನೆಂಟ್‌ಅಪ್‌ಡೇಟ್’ ಎಂಬುದು ರಚನಾಪಾದದಲ್ಲಿಯೇ ಕರೆಯಲ್ಪಡತಕ್ಕದ್ದು, ಅದೂ ಹೋಗಲಿಲ್ಲ.

ಇದಕ್ಕೆ ಸಮಾಧಾನವೇನೆಂದರೆ: ‘ವಿಲ್‌ಅನ್‌ಮೌಂಟ್’ ಕರೆಯಲ್ಪಡುವುದು ನಿಶ್ಚಯಪಾದದಲ್ಲಿ, ಘಟಕವನ್ನು ಕೀಳುವುದು ತೀರ್ಮಾನವಾದ ಮೇಲೆ. ಅಲ್ಲಿ ಭವಿಷ್ಯತ್ತು ನಿಶ್ಚಿತ. ಮಾತಿಗೂ ಕಾರ್ಯಕ್ಕೂ ನಡುವೆ ಯಾವ ವಿಘ್ನವೂ ಬರಲಾರದು. ‘ಶುಡ್’ ಎಂಬುದು ಪ್ರಶ್ನೆ. ಪ್ರಶ್ನೆಯನ್ನು ಎರಡು ಸಲ ಕೇಳಿದರೂ, ಕೇಳಿ ಬಿಟ್ಟುಬಿಟ್ಟರೂ, ಉತ್ತರವಷ್ಟನ್ನೇ ಕೊಟ್ಟವನಿಗೆ ಹಾನಿಯಿಲ್ಲ. ಆದುದರಿಂದ ದೋಷವು ಕಾಲವಾಚಕದಲ್ಲಿಲ್ಲ. ಅನಿಶ್ಚಿತವಾದ ಪಾದದಲ್ಲಿ ನಿಶ್ಚಿತವಾದ ಕರ್ಮಕ್ಕೆ ಆಹ್ವಾನವಿತ್ತುದರಲ್ಲಿದೆ. ಹೊಸದಾಗಿ ಬಂದ ಎರಡು ಸಂಜ್ಞೆಗಳು ಈ ಅರ್ಥವನ್ನೇ ದೃಢಪಡಿಸುತ್ತವೆ. ‘ಗೆಟ್‌ಡಿರೈವ್ಡ್‌ಸ್ಟೇಟ್‌ಫ್ರಮ್‌ಪ್ರಾಪ್ಸ್’ ಎಂಬುದು ರಚನಾಪಾದದ್ದು. ಅದನ್ನು ‘ಸ್ಟಾಟಿಕ್’ ಮಾಡಿ, ಘಟಕದ ವ್ಯಕ್ತಿಯು ಅದರ ಕೈಗೆ ಸಿಕ್ಕದಂತೆ ಮಾಡಿದ್ದಾರೆ. ಲೆಕ್ಕವನ್ನಲ್ಲದೆ ಕರ್ಮವನ್ನು ಮಾಡುವ ಪ್ರಲೋಭನೆಯೇ ತಗ್ಗಲೆಂದು. ‘ಗೆಟ್‌ಸ್ನ್ಯಾಪ್‌ಷಾಟ್‌ಬಿಫೋರ್‌ಅಪ್‌ಡೇಟ್’ ಎಂಬುದು ‘ವಿಲ್‌ಅಪ್‌ಡೇಟ್’ನ ಸ್ಥಾನಕ್ಕೆ ಬಂದುದು, ಆದರೆ ಅದನ್ನು ನಿಶ್ಚಯಪಾದಕ್ಕೆ, ವೃಕ್ಷವು ಬದಲಾಗುವ ಕ್ಷಣದ ಹಿಂದಕ್ಕೆ, ಸರಿಸಿದ್ದಾರೆ.

೭. ಹುಕ್ಸ್: ಅವಸ್ಥೆಯಿಂದ ಸಂಬಂಧಕ್ಕೆ

ಕ್ರಿ. ಶ. ೨೦೧೮ನೆಯ ಅಕ್ಟೋಬರಿನ ರಿಯಾಕ್ಟ್ ಸಮ್ಮೇಳನದಲ್ಲಿ ಸೋಫಿ ಆಲ್ಪರ್ಟ್, ಡ್ಯಾನ್ ಅಬ್ರಮೋವ್ ಮೊದಲಾದವರು ‘ಹುಕ್ಸ್’ ಎಂಬ ಹೊಸ ಪದ್ಧತಿಯನ್ನು ಮಂಡಿಸಿದರು. ಅದು ೨೦೧೯ನೆಯ ಫೆಬ್ರವರಿ ೬ರಂದು ೧೬.೮ನೆಯ ಆವೃತ್ತಿಯಲ್ಲಿ ಬಳಕೆಗೆ ಬಂದಿತು. ಇಲ್ಲಿ ಶಬ್ದವಿಚಾರವೊಂದುಂಟು. ಹಳೆಯ ಅರ್ಥದಲ್ಲಿ ಹುಕ್ ಎಂದರೆ ಚೌಕಟ್ಟು ಕ್ರಮಲೇಖಕನ ವಿಧಿಯನ್ನು ಕರೆಯುವ ಸ್ಥಾನ. ಹೊಸ ಅರ್ಥದಲ್ಲಿ ಅದು ಕ್ರಮಲೇಖಕನು ಚೌಕಟ್ಟಿನ ಶಕ್ತಿಯನ್ನು ಎಳೆದುಕೊಳ್ಳಲು ತಾನೇ ಕರೆಯುವ ವಿಧಿ. ಕೊಕ್ಕೆಯು ಒಂದೇ, ಹಿಡಿದಿರುವ ಕೈ ಬೇರೆ.

ಈ ಪದ್ಧತಿಯಲ್ಲಿ ಏಳು ಸಂಜ್ಞೆಗಳ ಕೆಲಸದ ಬಹುಭಾಗವನ್ನು ‘ಯೂಸ್‌ಎಫೆಕ್ಟ್’ ಎಂಬ ಒಂದೇ ವಿಧಿಯು ವಹಿಸಿಕೊಂಡಿತು. ಅದರ ಗುಣವು ಉದಾಹರಣೆಯಿಂದ ತಿಳಿಯುತ್ತದೆ. ಮಿತ್ರನೊಬ್ಬನು ಈಗ ಬಂದಿರುವನೇ ಇಲ್ಲವೇ ಎಂದು ತೋರಿಸುವ ಘಟಕವೊಂದಿರಲಿ. ಹಳೆಯ ಕ್ರಮದಲ್ಲಿ ಆ ಮಿತ್ರನ ವಾರ್ತೆಗೆ ಕಿವಿಯನ್ನಿಡುವುದು ‘ಡಿಡ್‌ಮೌಂಟ್’ನಲ್ಲಿ, ಕೀಳುವುದು ‘ವಿಲ್‌ಅನ್‌ಮೌಂಟ್’ನಲ್ಲಿ. ನಡುವೆ ದತ್ತವು ಬದಲಾಗಿ ಬೇರೊಬ್ಬ ಮಿತ್ರನ ಹೆಸರು ಬಂದರೆ, ‘ಡಿಡ್‌ಅಪ್‌ಡೇಟ್’ನಲ್ಲಿ ಹಳೆಯ ಕಿವಿಯನ್ನು ಕಿತ್ತು ಹೊಸದನ್ನಿಡಬೇಕು. ಈ ಮೂರನೆಯದನ್ನು ಬರೆಯಲು ಮರೆತರೆ, ಪುಟದ ಮೇಲೆ ಒಬ್ಬನ ಹೆಸರು, ಅದರ ಕೆಳಗೆ ಮತ್ತೊಬ್ಬನ ವಾರ್ತೆ. ಒಂದೇ ವಿಷಯವು ಮೂರು ಸ್ಥಾನಗಳಲ್ಲಿ ಹರಿದು ಹಂಚಿಹೋದುದರಿಂದ ಇಂಥ ಮರೆವು ಸುಲಭವಾಗಿತ್ತು. ‘ಯೂಸ್‌ಎಫೆಕ್ಟ್’ನಲ್ಲಿ ಕಿವಿಯನ್ನಿಡುವ ವಿಧಿಯು ತನ್ನನ್ನು ಅಳಿಸುವ ವಿಧಿಯನ್ನು ತಾನೇ ಹಿಂದಿರುಗಿಸುತ್ತದೆ, ಯಾವ ದತ್ತದ ಮೇಲೆ ತಾನು ಅವಲಂಬಿತವೆಂಬುದು ಜೊತೆಯ ಪಟ್ಟಿಯಲ್ಲಿ ಸೂಚಿತವಾಗಿರುತ್ತದೆ. ಮಿತ್ರನು ಬದಲಾದೊಡನೆ ಚೌಕಟ್ಟು ಹಳೆಯದನ್ನು ಅಳಿಸಿ ಹೊಸದನ್ನು ನಡೆಸುತ್ತದೆ. ಜನನಕರ್ಮವೂ ಅಂತ್ಯಕರ್ಮವೂ ಒಂದೆಡೆ ಕೂಡಿದವು. ಮಿಕ್ಸಿನ್ ಹೋದಮೇಲೆ ಉಳಿದಿದ್ದ ಕೊರತೆಯೂ ಇದರಿಂದ ತುಂಬಿತು. ಇಂಥ ವಿಧಿಗಳನ್ನು ಒಟ್ಟುಗೂಡಿಸಿ ಹೆಸರಿಟ್ಟು ಅನೇಕ ಘಟಕಗಳಲ್ಲಿ ಬಳಸುವುದು ಸಾಧ್ಯವಾಯಿತು.

ಇದರಿಂದ ಪ್ರಶ್ನೆಯ ರೂಪವೇ ಬದಲಾಯಿತು. ‘ಘಟಕವು ಈಗ ಯಾವ ಅವಸ್ಥೆಯಲ್ಲಿದೆ’ ಎಂಬುದರ ಬದಲು ‘ಈ ಘಟಕವು ಇರುವಷ್ಟು ಕಾಲ ಹೊರಗಿನ ಯಾವ ವಸ್ತುವಿನೊಡನೆ ಹೊಂದಿಕೊಂಡಿರಬೇಕು’ ಎಂಬುದು ಪ್ರಶ್ನೆಯಾಯಿತು. ಭಾವವಿಕಾರಗಳಲ್ಲಿ ಕೈಬಿಟ್ಟಿದ್ದ ಅಸ್ತಿತ್ವಕ್ಕೆ ಇಲ್ಲಿ ಮೊದಲ ಬಾರಿಗೆ ಸ್ಥಾನ ಸಿಕ್ಕಿತೆನ್ನಬಹುದು. ಆದರೆ ಹಳೆಯ ಅಭ್ಯಾಸವು ಬೇಗನೆ ಬಿಡುವಂಥದಲ್ಲ. ಪಟ್ಟಿಯನ್ನು ಬರಿದಾಗಿ ಬಿಟ್ಟರೆ ‘ಯೂಸ್‌ಎಫೆಕ್ಟ್’ ಎಂಬುದೇ ‘ಡಿಡ್‌ಮೌಂಟ್’ ಆಗುವುದೆಂದು ಅನೇಕರು ಕಲಿತರು, ಕಲಿಸಿದರು. ಇದು ಸರಿಯಲ್ಲ. ‘ಡಿಡ್‌ಮೌಂಟ್’ ನಿಶ್ಚಯಪಾದದಲ್ಲಿಯೇ ನಡೆಯುತ್ತದೆ. ‘ಯೂಸ್‌ಎಫೆಕ್ಟ್’ ಸಾಮಾನ್ಯವಾಗಿ ಪುಟವು ಕಣ್ಣಿಗೆ ಬಿದ್ದ ಮೇಲೆ ನಡೆಯುತ್ತದೆ. ಕಾಲದ ದೃಷ್ಟಿಯಿಂದ ‘ಡಿಡ್‌ಮೌಂಟ್’ಗೆ ಸಮನಾದುದು ‘ಯೂಸ್‌ಲೇಔಟ್‌ಎಫೆಕ್ಟ್’ ಎಂಬ ಬೇರೊಂದು ವಿಧಿ.

ಈ ಭೇದವು ಬರಿಯ ಪಾಂಡಿತ್ಯದ ಮಾತಲ್ಲವೆಂಬುದು ಕ್ರಿ. ಶ. ೨೦೨೨ನೆಯ ಮಾರ್ಚಿ ೨೯ರಂದು ೧೮ನೆಯ ಆವೃತ್ತಿ ಬಂದಾಗ ಅನುಭವಕ್ಕೆ ಬಂದಿತು. ನಡುವೆ ನಿಲ್ಲಬಲ್ಲ ರಚನೆಯು ಸಾಮಾನ್ಯ ಬಳಕೆಗೆ ದೊರೆತುದು ಆಗಲೇ. ನಾಲ್ಕು ವರ್ಷಗಳ ಹಿಂದೆ ಕೊಟ್ಟಿದ್ದ ಎಚ್ಚರಿಕೆಯು ಸಾರ್ಥಕವಾಯಿತು. ಅಲ್ಲದೆ, ಅದೇ ಆವೃತ್ತಿಯ ‘ಸ್ಟ್ರಿಕ್ಟ್‌ಮೋಡ್’ ಎಂಬ ಪರೀಕ್ಷಾಕ್ರಮದಲ್ಲಿ, ಕ್ರಮವನ್ನು ಸಿದ್ಧಪಡಿಸುವ ಕಾಲದಲ್ಲಿ ಮಾತ್ರ, ಹೊಸ ಘಟಕವೊಂದು ನೆಲೆಗೊಂಡೊಡನೆ ಅದರ ಎಫೆಕ್ಟ್‌ಗಳನ್ನು ಒಮ್ಮೆ ಅಳಿಸಿ ಮತ್ತೆ ನಡೆಸಲಾಗುವುದು. ಅಳಿಸುವ ವಿಧಿಯನ್ನು ಬರೆಯದವರ ಘಟಕಗಳು ದತ್ತಾಂಶವನ್ನು ಎರಡೆರಡು ಸಲ ತರಿಸತೊಡಗಿದವು. ಚೌಕಟ್ಟೇ ಕೆಟ್ಟಿತೆಂದು ಆಕ್ಷೇಪಿಸಿದವರು ಹಲವರು. ವಸ್ತುತಃ ಅದು ಕನ್ನಡಿ, ದೋಷವಿದ್ದುದು ಮುಖದಲ್ಲಿ. ಈ ಪರೀಕ್ಷೆಯ ಪ್ರಯೋಜನವು ೨೦೨೫ನೆಯ ಅಕ್ಟೋಬರಿನ ೧೯.೨ನೆಯ ಆವೃತ್ತಿಯಲ್ಲಿ ‘ಆಕ್ಟಿವಿಟಿ’ ಎಂಬ ಘಟಕವು ಬಂದಾಗ ಪ್ರಕಟವಾಯಿತು. ಅದರಲ್ಲಿ ಮರೆಮಾಡಿದ ಭಾಗವು ತನ್ನ ಸ್ಥಿತಿಯನ್ನು ಉಳಿಸಿಕೊಂಡು ಎಫೆಕ್ಟ್‌ಗಳನ್ನು ಮಾತ್ರ ಕಳಚುತ್ತದೆ. ಪುನಃ ತೋರಿಸಿದಾಗ ಅವುಗಳನ್ನು ಮತ್ತೆ ಧರಿಸುತ್ತದೆ. ಆಪ್ಲೆಟ್ಟಿನ ಕಾಲದಲ್ಲಿ ನಾಶಕ್ಕೂ ನಿಲುಗಡೆಗೂ ಇದ್ದ ಭೇದವು ಮೂವತ್ತು ವರ್ಷಗಳ ಮೇಲೆ ಬೇರೊಂದು ರೂಪದಲ್ಲಿ ಹಿಂದಿರುಗಿತು.

೮. ಇತರ ಚೌಕಟ್ಟುಗಳ ಸಾಕ್ಷ್ಯ

ಸಂಜ್ಞೆಗಳನ್ನು ತಿದ್ದಬೇಕಾದುದು ರಿಯಾಕ್ಟಿಗೆ ಮಾತ್ರವಲ್ಲ. ಇವಾನ್ ಯೂ ಎಂಬುವರು ಕ್ರಿ. ಶ. ೨೦೧೪ರಲ್ಲಿ ಪ್ರಕಟಿಸಿದ ವ್ಯೂ ಚೌಕಟ್ಟಿನಲ್ಲಿ ‘ರೆಡಿ’ ಎಂದಿದ್ದುದು ೨೦೧೬ರ ಎರಡನೆಯ ಆವೃತ್ತಿಯಲ್ಲಿ ‘ಮೌಂಟೆಡ್’ ಎಂಬುದಕ್ಕೆ ಎಡೆಗೊಟ್ಟಿತು. ೨೦೨೦ನೆಯ ಸೆಪ್ಟೆಂಬರಿನ ಮೂರನೆಯ ಆವೃತ್ತಿಯಲ್ಲಿ ‘ಬಿಫೋರ್‌ಡಿಸ್ಟ್ರಾಯ್’, ‘ಡಿಸ್ಟ್ರಾಯ್ಡ್’ ಎಂಬವು ‘ಬಿಫೋರ್‌ಅನ್‌ಮೌಂಟ್’, ‘ಅನ್‌ಮೌಂಟೆಡ್’ ಆದವು. ‘ನಾಶ’ವೆಂಬ ಪದವು ಹೋಗಿ ‘ಮೌಂಟ್’ ಎಂಬುದಕ್ಕೆ ಸರಿಜೋಡಿಯಾದ ಪದವು ಬಂದುದು ಗಮನಾರ್ಹ. ಬ್ರೌಸರುಗಳ ಸ್ವಂತ ಘಟಕಪದ್ಧತಿಯಲ್ಲಿಯೂ ಮೊದಲಿನ ‘ಅಟ್ಯಾಚ್ಡ್’, ‘ಡಿಟ್ಯಾಚ್ಡ್’ ಎಂಬವು ‘ಕನೆಕ್ಟೆಡ್’, ‘ಡಿಸ್‌ಕನೆಕ್ಟೆಡ್’ ಎಂದು ಬದಲಾದವು. ಒಂದೇ ಘಟಕವನ್ನು ವೃಕ್ಷದ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಸಿದರೆ ಇವು ಮತ್ತೆ ಮತ್ತೆ ಕರೆಯಲ್ಪಡುತ್ತವೆ. ಆದರೆ ಅವಸ್ಥಾಸಂಜ್ಞೆಗಳು ಎಲ್ಲೆಡೆಯೂ ಅಸ್ತಮಿಸಿದವೆಂದು ಹೇಳಲಾಗದು. ೨೦೧೬ನೆಯ ಸೆಪ್ಟೆಂಬರಿನಲ್ಲಿ ಬಂದ ಆಂಗ್ಯುಲರಿನ ಎರಡನೆಯ ಆವೃತ್ತಿಯು ‘ಎನ್‌ಜಿಆನ್‌ಇನಿಟ್’, ‘ಎನ್‌ಜಿಆನ್‌ಡಿಸ್ಟ್ರಾಯ್’ ಮೊದಲಾದ ಎಂಟು ಸಂಜ್ಞೆಗಳನ್ನು ತಂದಿತು. ಅವು ಈಗಲೂ ನಡೆಯುತ್ತಿವೆ. ರಿಯಾಕ್ಟಿನಲ್ಲಿಯೂ ಕ್ಲಾಸ್ ರೂಪದ ಘಟಕಗಳನ್ನು ತೆಗೆದುಹಾಕಿಲ್ಲ.

೯. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಅವಸ್ಥಾಸಂಜ್ಞೆಗಳು ಹುಟ್ಟಿದುದು ಪ್ರೇತಗಳ ಬಾಧೆಯನ್ನು ನೀಗಲು, ಎಂದರೆ ಘಟಕಗಳ ಹುಟ್ಟಿಗೂ ಸಾವಿಗೂ ವಿಧಿವತ್ತಾದ ಕರ್ಮಗಳು ನಡೆಯಲೆಂದು. ರಿಯಾಕ್ಟ್ ಅವುಗಳಿಗೆ ಅನ್ವರ್ಥವಾದ ಹೆಸರುಗಳನ್ನಿಟ್ಟಿತು. ಯಂತ್ರವು ಒಂದೇ ಉಸಿರಿನಲ್ಲಿ ಓಡುತ್ತಿದ್ದಷ್ಟು ಕಾಲ ಬ್ರೌಸರಿನಲ್ಲಿ ಆ ಹೆಸರುಗಳು ಬಹುಮಟ್ಟಿಗೆ ನಿಜವಾಗಿದ್ದವು. ಯಂತ್ರವು ಬದಲಾದಾಗ ಮೂರು ಹೆಸರುಗಳು ತಾವು ಕೊಟ್ಟ ಮಾತನ್ನು ನಡೆಸಲಾರದವಾದವು. ಅವುಗಳನ್ನು ಕಾಪಾಡಲು ಯಂತ್ರವನ್ನು ಹಿಂದಕ್ಕೆ ತಿರುಗಿಸಲಿಲ್ಲ. ಅವುಗಳನ್ನು ನಂಬಿ ಬರೆದಿದ್ದವರನ್ನು ನಡುನೀರಿನಲ್ಲಿ ಕೈಬಿಡಲೂ ಇಲ್ಲ. ಹೆಸರಿನ ಮೇಲೆಯೇ ದೋಷವನ್ನು ಬರೆದು ಬಳಸುವವನ ವಿವೇಕಕ್ಕೆ ಬಿಟ್ಟರು. ಪೂರ್ವಪದವು ನೋಡಲು ಕುರೂಪವಾದರೂ ಸತ್ಯವನ್ನು ಹೇಳುತ್ತದೆ. ಸುಂದರವಾಗಿದ್ದು ಸುಳ್ಳಾಡುವ ಹೆಸರಿಗಿಂತ ಇದು ಮೇಲು.

ಹುಕ್ಸ್ ಪದ್ಧತಿಯೂ ನಿರ್ದೋಷವಲ್ಲ. ಅವುಗಳನ್ನು ಪ್ರತಿಸಲವೂ ಒಂದೇ ಕ್ರಮದಲ್ಲಿ ಕರೆಯಬೇಕು, ‘ಆದರೆ’, ‘ಇಲ್ಲದಿದ್ದರೆ’ ಎಂಬ ವಿಕಲ್ಪಗಳೊಳಗೆ ಕರೆಯಕೂಡದು ಎಂಬ ನಿಯಮಗಳುಂಟು; ಅವಲಂಬನದ ಪಟ್ಟಿಯಲ್ಲಿ ಒಂದನ್ನು ಬಿಟ್ಟರೆ ಹಳೆಯ ದತ್ತವೇ ಕಣ್ಣಿಗೆ ಕಟ್ಟಿಕೊಂಡು ನಿಲ್ಲುವ ತೊಂದರೆಯುಂಟು. ಆದರೂ ಹಳೆಯ ಸಂಜ್ಞೆಗಳಿಂದ ದೊರೆಯದ ಒಂದು ಲಾಭವು ಇದರಲ್ಲಿದೆ. ಕಿವಿಯನ್ನು ಇಡುವವನು ಅದೇ ಸಾಲಿನ ಕೆಳಗೆ ಕೀಳುವುದನ್ನೂ ಬರೆಯಬೇಕೆಂದು ಪದ್ಧತಿಯೇ ನೆನಪಿಸುತ್ತದೆ. ಬ್ಯಾಕ್‌ಬೋನಿನ ಕಾಲದಿಂದ ಇಂದಿನವರೆಗೆ ಹೆಸರುಗಳು ಹಲವು ಬಾರಿ ಬದಲಾದರೂ ಅವುಗಳ ಹಿಂದಿನ ಕರ್ತವ್ಯವು ಒಂದೇ: ತೆಗೆದುಕೊಂಡುದನ್ನು ಹಿಂದಕ್ಕೆ ಕೊಟ್ಟು ಹೋಗುವುದು. ಸಂಜ್ಞೆಯನ್ನು ಕಂಠಪಾಠ ಮಾಡಿದವನಿಗಿಂತ ಈ ಕರ್ತವ್ಯವನ್ನು ತಿಳಿದವನಿಗೆ ಮುಂದಿನ ಆವೃತ್ತಿಯ ಭಯವು ಕಡಿಮೆ.